ಬೇಲಿಯೊಳಗಿನ ಗಂಡುಮರಿಗಳು

ಬಿದಿರಿನ ಬುಟ್ಟಿಯನ್ನು ಮೇಜಿನ ಮೇಲಿಟ್ಟವರೇ ಅದರ ಬಾಯಿಗೆ ಕಟ್ಟಿದ್ದ ಗೋಣಿಯನ್ನು ಬಿಚ್ಚಿದರು. ಒಳಗೆ ಸತ್ತ ಕೋಳಿಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದಕ್ಕೆ ಮಾತ್ರ ಇನ್ನೂ ಜೀವವಿತ್ತು. ಅದರ ಕತ್ತು ಹಿಂದಕ್ಕೆ ತಿರುಚಿ, ಕೊಕ್ಕು ಮೇಲಾಗಿ, ಸೂರನ್ನೇ ನೋಡುತ್ತಿರುವಂತಿತ್ತು.

“ಏನಮ್ಮಾ, ನೀವು ಕೊಡೋದು ದವಾನಾ, ಬರೀ ನೀರಾ?” ಎಂದು ಕೇಳಿದರು.

ಜಕ್ಕೂರಿನ ಆಚೆ ಸ್ವಂತ ಕೋಳಿ ಫಾರಂ ನಡೆಸುತ್ತಿದ್ದ ಹೆಂಗಸು ಅವರು. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ. ಶೆಡ್ಡುಗಳನ್ನು ತಾವೇ ನಿಂತು ಗುಡಿಸುವವರು, ಮರಿಗಳ ಕಣ್ಣಿಗೆ ಲಸಿಕೆಯ ಹನಿಯನ್ನು ತಮ್ಮ ಕೈಯಿಂದಲೇ ಹಾಕುವವರು. ಹೆಬ್ಬಾಳದಲ್ಲಿ ನಾನು ಕೆಲಸಕ್ಕಿದ್ದ ಸಣ್ಣ ಪಶುರೋಗ ಸಂಸ್ಥೆಗೆ ಅವರು ಹೊಸಬರೇನಲ್ಲ. ಆದರೆ ಆ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಅಲ್ಲಿ ಪಶುವೈದ್ಯೆ. ಸತ್ತ ಕೋಳಿಗಳನ್ನು ಕೊಯ್ದು ಸಾವಿಗೆ ಕಾರಣ ಹೇಳುವುದು ನನ್ನ ಪಾಲಿನ ಕೆಲಸವಾಗಿತ್ತು.

ಕೊಯ್ದು ನೋಡಿದೆ. ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎನ್ನುವ ರಾಣಿಖೇತ್. ಜಠರದ ಒಳಗೋಡೆಯಲ್ಲಿ ಸೂಜಿ ಚುಚ್ಚಿದ ಹಾಗೆ ರಕ್ತದ ಚುಕ್ಕೆಗಳಿದ್ದವು, ಕರುಳಿನಲ್ಲಿ ಹುಣ್ಣುಗಳಿದ್ದವು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಆದರೆ ಆ ಕೋಳಿಗಳಿಗೆ ಮೊಟ್ಟೆಯೊಡೆದ ವಾರದಲ್ಲಿ ಒಂದು ಲಸಿಕೆ, ಬೆಳೆಯುವಾಗ ಇನ್ನೊಂದು ಲಸಿಕೆ, ಎರಡೂ ಆಗಿದ್ದವು. ಲಸಿಕೆ ನಮ್ಮದೇ ಸಂಸ್ಥೆಯದು. ಮುಂದಿನ ವಾರಗಳಲ್ಲಿ ಯಲಹಂಕದಿಂದ, ಕೊಡಿಗೇಹಳ್ಳಿಯಿಂದ ಇಂಥದೇ ಬುಟ್ಟಿಗಳು ಬಂದವು. ಬುಟ್ಟಿಗಳ ಜೊತೆ ಒಂದು ಮಾತೂ ಬಂತು: ಲಸಿಕೆ ಹಾಕಿಸಿದರೇ ರೋಗ ಬರುತ್ತದಂತೆ. ಕೆಲವರು ಲಸಿಕೆಯನ್ನೇ ನಿಲ್ಲಿಸಿದರು.

ಲಸಿಕೆ ವಿಭಾಗದಲ್ಲಿದ್ದವರು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಹಿರಿಯರು. ಯಶವಂತಪುರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಕೋಳಿಮೊಟ್ಟೆಯೊಳಗೆ ವೈರಾಣು ಬೆಳೆಸಿ, ದ್ರವ ತೆಗೆದು, ಒಣಗಿಸಿ, ಗಾಜಿನ ಸೀಸೆಗಳಲ್ಲಿ ಮುಚ್ಚುವ ಕೆಲಸದಲ್ಲಿ ಅವರ ಆಯುಷ್ಯವೇ ಕಳೆದಿತ್ತು. ದೂರು ಬಂದ, ಒಂದೇ ಸಲಕ್ಕೆ ತಯಾರಾದ ತಂಡದ ಸೀಸೆಗಳನ್ನು ಮತ್ತೆ ತೆರೆದು ಹೊಸ ಮೊಟ್ಟೆಗಳಲ್ಲಿ ಪರೀಕ್ಷಿಸಿದರು. ವೈರಾಣು ಚೆನ್ನಾಗಿಯೇ ಬೆಳೆಯಿತು.

“ನನ್ ಲಸಿಕೆ ಸತ್ತಿಲ್ಲ ಕಣಮ್ಮ. ಕಲೀಬೇಕಾದ್ದು ಕೋಳಿ, ಅದೇ ಯಾಕೋ ಕಲೀತಿಲ್ಲ,” ಎಂದರು.

ನಿರ್ದೇಶಕರಿಗೆ ಈ ಉತ್ತರ ಸಾಲಲಿಲ್ಲ. ತಯಾರಿಕೆ ನಿಲ್ಲಿಸಿ, ವಿಚಾರಣೆ ಮುಗಿಯುವ ತನಕ ರಜೆ ಹಾಕಿ ಎಂದು ಹಿರಿಯರಿಗೆ ಬಾಯಿಮಾತಿನಲ್ಲೇ ಹೇಳಲಾಯಿತು.

ನನ್ನ ಕಣ್ಣಿಗೆ ಬಿದ್ದದ್ದು ಬೇರೆಯದೇ ಒಂದು ಸಂಗತಿ. ಕೋಳಿಯ ಮಲದ್ವಾರದ ಮೇಲ್ಗಡೆ, ಕರುಳಿನ ತುದಿಗೆ ಅಂಟಿಕೊಂಡಂತೆ, ಒಂದು ಸಣ್ಣ ಚೀಲವಿರುತ್ತದೆ. ಅದನ್ನು ಬರ್ಸಾ ಎನ್ನುತ್ತಾರೆ. ದೇಹವನ್ನು ಕಾಯುವ ಬಿಳಿಯ ರಕ್ತಕಣಗಳಲ್ಲಿ ಎರಡು ಬಗೆ ಮುಖ್ಯವಾದವು. ಒಂದು ಬಗೆಯದು ಕತ್ತಿನುದ್ದಕ್ಕೂ ಇರುವ ಥೈಮಸ್ ಗ್ರಂಥಿಯಲ್ಲಿ ಪಳಗಿ, ಸೋಂಕು ಹೊಕ್ಕ ಜೀವಕೋಶಗಳನ್ನು ಹುಡುಕಿ ಕೊಲ್ಲುತ್ತದೆ. ಇನ್ನೊಂದು ಬಗೆ ಬರ್ಸಾದಲ್ಲಿ ಪಳಗಿ, ರೋಗಾಣುವಿಗೆ ಅಂಟಿ ಅದನ್ನು ಕಟ್ಟಿಹಾಕುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಮನುಷ್ಯರಿಗೆ ಆ ಚೀಲವಿಲ್ಲ, ನಮ್ಮಲ್ಲಿ ಆ ಕೆಲಸ ಮೂಳೆಮಜ್ಜೆಯದು. ಆದರೂ ನಮ್ಮ ಆ ಕಣಗಳನ್ನು ‘ಬಿ’ ಎಂದು ಕರೆಯುವುದು ಕೋಳಿಯ ಬರ್ಸಾದಿಂದಾಗಿಯೇ. ಲಸಿಕೆಯೆಂದರೆ ಈ ಕಣಗಳಿಗೆ ಮೊದಲೇ ಹೇಳಿಕೊಡುವ ಪಾಠ. ಬೆಳೆಯುವ ಕೋಳಿಯಲ್ಲಿ ಬರ್ಸಾ ದಪ್ಪ ದ್ರಾಕ್ಷಿಹಣ್ಣಿನಷ್ಟಿರಬೇಕು. ಜಕ್ಕೂರಿನ ಕೋಳಿಗಳಲ್ಲಿ ಅದು ತೊಗರಿಕಾಳಿನಷ್ಟಿತ್ತು.

ಮೊದಲು ನನ್ನ ಕತ್ತರಿಯೇ ತಪ್ಪಿರಬೇಕು ಅಂದುಕೊಂಡೆ. ಮತ್ತೊಂದು ಕೋಳಿ ಕೊಯ್ದೆ, ಅದರಲ್ಲೂ ಅಷ್ಟೇ ಇತ್ತು. ಆ ಚೂರುಗಳನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ತೆಳುವಾಗಿ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟೆ. ಕಣಗಳು ಕಿಕ್ಕಿರಿದು ನೀಲಿಯಾಗಿ ಕಾಣಬೇಕಾದ ಕೋಣೆಗಳೆಲ್ಲ ಖಾಲಿಯಾಗಿದ್ದವು. ಜೇನು ಎದ್ದುಹೋದ ಗೂಡಿನ ಹಾಗೆ ಬರೀ ಗೋಡೆಗಳು ಉಳಿದಿದ್ದವು.

ಹೊರದೇಶದ ಪತ್ರಿಕೆಗಳಲ್ಲಿ ಇದರ ಬಗ್ಗೆ ಓದಿದ್ದೆ. ಗಂಬೋರೋ ಎಂಬ ರೋಗದ ವೈರಾಣು ಈ ಕಣಗಳನ್ನೇ ತಿನ್ನುತ್ತದೆ. ತುಂಬ ಎಳೆಯ ಮರಿಗೆ ತಗಲಿದರೆ ಮರಿ ಸಾಯುವುದಿಲ್ಲ. ಎರಡು ದಿನ ಮಂಕಾಗಿ ಎದ್ದು ಓಡಾಡುತ್ತದೆ. ಆದರೆ ಅದರ ಪಾಠಶಾಲೆ ಸುಟ್ಟುಹೋಗಿರುತ್ತದೆ. ಆಮೇಲೆ ಎಂಥ ಲಸಿಕೆ ಹಾಕಿದರೂ ಕಲಿಯುವವರೇ ಇರುವುದಿಲ್ಲ.

ಜಕ್ಕೂರಿಗೆ ಹೋಗಿ ಫಾರಂನವರನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ ಹೇಳಿದರು: “ಎರಡು ಮೂರು ವಾರದ ಮರಿ ಇದ್ದಾಗ ಒಂದ್ಸಲ ಹಂಗೇ ಮೂಲೇಲಿ ಗುಂಪಾಗಿ ನಿಂತಿದ್ವು. ಬೆಳ್ಳಗೆ ಭೇದಿ ಆಗ್ತಿತ್ತು. ಆಮೇಲೆ ಸರಿಹೋದ್ವಲ್ಲಾ. ಒಂದೂ ಸಾಯ್ಲಿಲ್ಲ. ಅದಕ್ಕೇ ನಾನು ನಿಮ್ಮತ್ರ ಬರ್ಲಿಲ್ಲ.”

ನಿರ್ದೇಶಕರ ಮುಂದೆ ಗಾಜಿನ ಫಲಕಗಳನ್ನು ಇಟ್ಟೆ. ಅವರು ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. “ಖಾಲಿ ಇದೆ, ಒಪ್ತೀನಿ. ಆದ್ರೆ ನಿಮ್ ಲಸಿಕೆಯಿಂದ್ಲೇ ಹೀಗಾಗಿದೆ ಅಂತ ನಾಳೆ ಯಾರಾದ್ರೂ ಅಂದ್ರೆ ಏನ್ ಹೇಳ್ತೀರಿ? ಅದೇ ಸೀಸೆಯ ಲಸಿಕೇನ ರೋಗ ತಗಲದೇ ಇರೋ ಕೋಳಿಗೆ ಹಾಕಿ ತೋರ್ಸಿ,” ಎಂದರು. ಅವರ ಮಾತು ನ್ಯಾಯವಾಗಿತ್ತು.

ಸಂಸ್ಥೆಯಲ್ಲೇ ಪ್ರಯೋಗ ಶುರು ಮಾಡಿದೆ. ಮೊಟ್ಟೆಕೋಳಿ ಸಾಕುವವರಿಗೆ ಗಂಡುಮರಿ ಬೇಡ. ಹ್ಯಾಚರಿಯವರು ಅವನ್ನು ಬೇರ್ಪಡಿಸಿ ಬಿಟ್ಟುಬಿಡುತ್ತಾರೆ. ಅಂಥ ಒಂದೇ ದಿನದ ಗಂಡುಮರಿಗಳನ್ನು ತಂದು ಎರಡು ಕೋಣೆಗಳಲ್ಲಿ ಇಟ್ಟೆ. ಒಂದು ಕೋಣೆಗೆ ಜಕ್ಕೂರಿನ ಶೆಡ್ಡಿನ ಹೊಟ್ಟನ್ನು ಹಾಸಿದೆ, ಇನ್ನೊಂದಕ್ಕೆ ಹೊಸ ಹೊಟ್ಟು ಹಾಸಿದೆ. ಕೆಲವು ವಾರ ಕಳೆದು ಎರಡೂ ಕೋಣೆಗಳಿಂದ ಮರಿಗಳನ್ನು ತೆಗೆದು ಕೊಯ್ದಾಗ ಎರಡರಲ್ಲೂ ಬರ್ಸಾ ಸೊರಗಿತ್ತು. ಆ ವೈರಾಣು ಬಲು ಗಟ್ಟಿಜೀವ. ಚಪ್ಪಲಿಯ ಅಡಿಯಲ್ಲಿ, ಸೀರೆಯ ಅಂಚಿನಲ್ಲಿ, ಮೇವಿನ ಚೀಲದ ನಾರಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಸಂಸ್ಥೆಯ ಸಹಾಯಕರೆಲ್ಲರ ಮನೆಯಲ್ಲೂ ಕೋಳಿಗಳಿದ್ದವು. ನಾನಂತೂ ಬೆಳಗೆದ್ದರೆ ಸತ್ತ ಕೋಳಿಗಳ ನಡುವೆಯೇ ಇರುತ್ತಿದ್ದವಳು. ಅಲ್ಲಿ ಯಾವ ಗೋಡೆಯೂ ತಡೆಯುವಂತಿರಲಿಲ್ಲ.

“ಸಾಕು, ಬಿಟ್ಬಿಡಿ. ಬೇರೆ ಕೆಲಸ ಬೇಕಾದಷ್ಟಿದೆ,” ಎಂದರು ನಿರ್ದೇಶಕರು.

ಅಂದು ಲಸಿಕೆ ವಿಭಾಗದ ಮುಂದೆ ಹಾದು ಬರುವಾಗ ಬಾಗಿಲಿಗೆ ಬೀಗ ಹಾಕಿದ್ದು ಕಾಣಿಸಿತು. ಹಿರಿಯರು ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ರಜೆಯಲ್ಲಿದ್ದರೂ ಬಂದಿದ್ದರು. “ಮನೇಲಿ ಕೂತು ಏನ್ ಮಾಡ್ಲಮ್ಮ?” ಎಂದರು. ಆಗಲೇ ಅವರಿಗೆ ನನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದೆ. ಕೋಳಿಯೇ ಇಲ್ಲದ ಕಡೆ ಮರಿಗಳನ್ನು ಒಯ್ಯಬೇಕು. ಅವುಗಳ ಜೊತೆ ಒಬ್ಬರೇ ಇರಬೇಕು. ಒಳಗೆ ಹೋದವರು ಕೆಲಸ ಮುಗಿಯುವ ತನಕ ಹೊರಗೆ ಬರಬಾರದು, ಹೊರಗಿನವರು ಯಾರೂ ಒಳಗೆ ಹೋಗಬಾರದು.

“ಯಾರಮ್ಮ ಹೋಗೋರು?”

“ನಾನೇ ಹೋಗ್ತೀನಿ ಸರ್. ರೋಗ ತಗಲಿಸೋ ಗುಂಪನ್ನ ನೀವು ಇಲ್ಲಿ ನೋಡ್ಕೊಳ್ಳಿ.”

ಅವರು ಆಗಲೆಂದು ತಲೆಯಾಡಿಸಿದರು. ನಿರ್ದೇಶಕರು ಒಪ್ಪಲು ಇನ್ನೊಂದು ವಾರ ಬೇಕಾಯಿತು.

ಹೆಸರಘಟ್ಟದ ಹುಲ್ಲುಗಾವಲಿನ ಅಂಚಿನಲ್ಲಿ ಬಳಕೆ ತಪ್ಪಿದ ಒಂದು ಕರುಗಳ ಕೊಟ್ಟಿಗೆಯಿತ್ತು. ಪಕ್ಕದಲ್ಲಿ ಮೇವಿನ ಕೋಣೆ, ಒಂದು ಬಾವಿ, ಸುತ್ತ ಮುಳ್ಳುತಂತಿಯ ಬೇಲಿ. ಅಲ್ಲಿ ಎಂದೂ ಕೋಳಿ ಸಾಕಿರಲಿಲ್ಲ. ನೆಲ ಕೆರೆಸಿ, ಸುಣ್ಣ ಬಳಿಸಿ, ಕಿಟಕಿಗಳಿಗೆಲ್ಲ ಗುಬ್ಬಿಯೂ ತೂರದಂಥ ಜಾಲರಿ ಹೊಡೆಸಿ, ಒಳಗೆ ಫಾರ್ಮಲಿನ್ ಹೊಗೆ ಹಾಕಿ ಮುಚ್ಚಿಸಿದೆವು. ನಾನು ಶವಪರೀಕ್ಷೆಯ ಕೆಲಸ ಬಿಟ್ಟು, ಉಗುರು ಕತ್ತರಿಸಿ, ತಲೆಗೆ ನೀರು ಹಾಕಿಕೊಂಡು, ಹೊಸ ಬಟ್ಟೆ ಉಟ್ಟು ಒಳಗೆ ಹೋದೆ. ಹಳೆಯದೆಂದು ಜೊತೆಗೆ ಒಯ್ದದ್ದು ತಾಳಿ, ಕನ್ನಡಕ ಇಷ್ಟೇ. ಅವನ್ನೂ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ತೊಳೆದಿದ್ದೆ. ಒಂದೇ ದಿನದ ಗಂಡುಮರಿಗಳು ಹ್ಯಾಚರಿಯಿಂದ ನೇರವಾಗಿ ಬೇಲಿಯ ಬಳಿಗೆ ಬಂದವು.

ಮದುವೆಯಾಗಿ ಒಂದು ವರ್ಷವಾಗಿತ್ತು. ನಾವಿಬ್ಬರೂ ಬಾಗಲಕೋಟೆ ಕಡೆಯವರು. ಗಂಡ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕಿದ್ದರು. ಆರ್.ಟಿ. ನಗರದ ವಠಾರದಲ್ಲಿ ನಮ್ಮ ಮನೆ. ಹೋಗುತ್ತೇನೆಂದು ಹೇಳಿದಾಗ ಅವರು ತಟ್ಟೆಯಿಂದ ಕೈ ಎತ್ತದೆ, “ಬ್ಯಾಡ ಅನ್ನೂದಿಲ್ಲ. ಆದ್ರ ಅಲ್ಲಿ ಮಾತಾಡ್ಲಿಕ್ಕೆ ಯಾರದಾರ?” ಎಂದು ಕೇಳಿದ್ದರು. ಆಗ ನಕ್ಕುಬಿಟ್ಟಿದ್ದೆ.

ಮೊದಲ ವಾರ ಮಾತಿನ ನೆನಪೇ ಆಗಲಿಲ್ಲ, ಅಷ್ಟು ಕೆಲಸವಿತ್ತು. ಕರೆಂಟಿಲ್ಲ. ತಗಡಿನ ಕೊಡೆಯಂಥ ಮುಚ್ಚಳದ ಕೆಳಗೆ ಲಾಟೀನು ಇಟ್ಟು ಮರಿಗಳಿಗೆ ಕಾವು ಕೊಡಬೇಕು. ಕಾವು ಹೆಚ್ಚಾದರೆ ಅವು ದೂರ ಸರಿದು ಕೊಕ್ಕು ತೆರೆಯುತ್ತವೆ, ಕಡಿಮೆಯಾದರೆ ಒಂದರ ಮೇಲೊಂದು ಹತ್ತಿ ಕೆಳಗಿನವು ಉಸಿರುಕಟ್ಟಿ ಸಾಯುತ್ತವೆ. ಅವು ನಿಂತ ರೀತಿ ನೋಡಿಯೇ ಬತ್ತಿಯನ್ನು ಏರಿಸಿ ಇಳಿಸುತ್ತಿದ್ದೆ. ನೀರು ಕಾಯಿಸಿ ಆರಿಸಬೇಕು. ಹೊಟ್ಟನ್ನು ಬಿಸಿಲಿಗೆ ಹಾಕಿ ತಿರುವಬೇಕು. ಜಾಲರಿಯ ಮೇಲೆ ಕಾಗೆ ಕೂತರೆ ಓಡಿಸಬೇಕು.

ಆಮೇಲೆ ಕಾಯುವ ವಾರಗಳು ಬಂದವು. ಮೊಟ್ಟೆಯೊಳಗಿನ ಹಳದಿಯ ಮೂಲಕ ತಾಯಿಕೋಳಿ ತನ್ನ ಪ್ರತಿಕಾಯಗಳನ್ನು ಮರಿಗೆ ಕೊಟ್ಟು ಕಳಿಸಿರುತ್ತದೆ. ಅವು ರಕ್ತದಲ್ಲಿರುವ ತನಕ ಲಸಿಕೆ ಹಾಕಿದರೆ ತಾಯಿಯ ಪ್ರತಿಕಾಯಗಳೇ ಲಸಿಕೆಯನ್ನು ಕಟ್ಟಿಹಾಕುತ್ತವೆ, ಮರಿಯ ಕಣಗಳು ಏನನ್ನೂ ಕಲಿಯುವುದಿಲ್ಲ. ತಾಯಿ ಕೊಟ್ಟದ್ದು ಕರಗಿ, ಮರಿ ಬರಿಗೈಯಾದ ಮೇಲೆಯೇ ಲಸಿಕೆ. ಅದಕ್ಕಾಗಿ ಆಗಾಗ ಕೆಲವು ಮರಿಗಳ ರೆಕ್ಕೆಯ ನಾಳದಿಂದ ರಕ್ತ ತೆಗೆದು, ಹೆಪ್ಪಿನ ಮೇಲೆ ನಿಲ್ಲುವ ತಿಳಿಯನ್ನು ಬೇರೆ ಮಾಡಿ, ನಳಿಕೆಗಳನ್ನು ಬೇಲಿಯಾಚೆ ಇಡುತ್ತಿದ್ದೆ. ಹೆಬ್ಬಾಳದಿಂದ ಜೀಪು ಬಂದು ಒಯ್ಯುತ್ತಿತ್ತು. ಒಳಗಿನದು ಹೊರಗೆ ಹೋಗಬಹುದಿತ್ತು. ಹೊರಗಿನಿಂದ ಶುದ್ಧಮಾಡದ ಏನೂ ಒಳಗೆ ಬರುವಂತಿರಲಿಲ್ಲ. ಚಾಲಕ ದೂರದಿಂದಲೇ ಕೈ ಬೀಸುತ್ತಿದ್ದ. ಜೀಪಿನ ಧೂಳು ಇಳಿದ ಮೇಲೆ ಹುಲ್ಲಿನ ಸದ್ದೊಂದೇ ಉಳಿಯುತ್ತಿತ್ತು.

ಹತ್ತಿರದ ಹಳ್ಳಿಯ ಹಾಲಿನವರು ಬೆಳಿಗ್ಗೆ ಬೇಲಿಯ ಆಚೆಗಿದ್ದ ಕಲ್ಲಿನ ಮೇಲೆ ನನ್ನ ಪಾತ್ರೆಗೆ ಹಾಲು ಹೊಯ್ದು, ಹಿಂದೆ ಸರಿದು ಕೂಗುತ್ತಿದ್ದರು. “ಅಮ್ಮೋ, ಆಲು ಉಯ್ದಿವ್ನಿ!” ನಾನು ಪಾತ್ರೆಯ ಹೊರಮೈ ತೊಳೆದು ಒಳಗೆ ಒಯ್ಯುತ್ತಿದ್ದೆ. ಒಂದು ದಿನ ಅವರು ಹೋಗದೆ ನಿಂತರು.

“ಇಂಗೆ ಒಬ್ರೇ ಇದ್ರೆ ಎದ್ರಿಕೆ ಆಗಾಕಿಲ್ವಾ ಅಮ್ಮೋ?”

“ಇಲ್ಲ” ಎನ್ನಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹೇಳುವಷ್ಟರಲ್ಲಿ ಅವರು ತಿರುಗಿ ನಡೆದಿದ್ದರು. ಅಂದಿನಿಂದ ಮರಿಗಳೊಂದಿಗೆ ಗಟ್ಟಿಯಾಗಿ ಮಾತಾಡತೊಡಗಿದೆ. ಅವಕ್ಕೆ ಮೇವು ಹಾಕುವಾಗ ನಮ್ಮೂರ ಮಾತಿನಲ್ಲಿ, “ಬರ್ರೋ ತಮ್ಮಗೋಳ್ರ್ಯಾ” ಎಂದರೆ ಸಾಕು, ರೆಕ್ಕೆ ಬಿಚ್ಚಿ ಓಡಿ ಬಂದು ಕಾಲಿನ ಸುತ್ತ ನೆರೆಯುತ್ತಿದ್ದವು. ನೂರು ಸಲ ನೋಡಿದ ಕೋಳಿಗಳೇ. ಆದರೆ ಜೀವಂತ ಕೋಳಿಗಳ ನಡುವೆ ಅಷ್ಟು ದಿನ ನಾನು ಎಂದೂ ಇದ್ದಿರಲಿಲ್ಲ.

ನಾಲ್ಕನೆಯ ವಾರದಲ್ಲಿ ಒಂದು ಮರಿ ಮೂಲೆ ಹಿಡಿಯಿತು. ಕಣ್ಣು ಮುಚ್ಚಿ, ಪುಕ್ಕ ಕೆದರಿ, ಮೇವಿಗೆ ಬರದೆ ನಿಂತಿತ್ತು. ಜಕ್ಕೂರಿನವರು ಹೇಳಿದ ಮಾತುಗಳೇ ಕಿವಿಯಲ್ಲಿದ್ದವು. ಬೇಲಿ ದಾಟಿ ರೋಗ ಒಳಗೆ ಬಂದಿದ್ದರೆ ಇಷ್ಟು ದಿನದ್ದೆಲ್ಲ ಹೋಯಿತು. ಮರಿಯನ್ನು ಎತ್ತಿಕೊಂಡೆ. ಅದು ನನ್ನ ಕೈಯೊಳಗೆ ತಲೆಯಿಟ್ಟಿತು. ಕಾದು ನೋಡುವಂತಿರಲಿಲ್ಲ. ಗಂಬೋರೋ ಆಗಿದ್ದರೆ ನಾಳೆಗೆ ಎಲ್ಲಕ್ಕೂ ಹಬ್ಬಿರುತ್ತದೆ, ಇಂದೇ ತಿಳಿಯಬೇಕಿತ್ತು. ಕೊಟ್ಟಿಗೆಯ ಹೊರಗೆ, ಬೇಲಿಯೊಳಗೇ ಇದ್ದ ಬೇವಿನ ಮರದಡಿ ಒಯ್ದು ಕತ್ತು ಮುರಿದು ಕೊಯ್ದೆ.

ಬರ್ಸಾ ದುಂಡಗೆ, ತುಂಬಿಕೊಂಡು, ಬೆಳ್ಳಗಿತ್ತು. ತೊಡೆಯ ಮಾಂಸದಲ್ಲಿ ಆ ರೋಗದ ಗುರುತಾದ ರಕ್ತದ ಗೆರೆಗಳಿರಲಿಲ್ಲ. ಕತ್ತಿನ ಬುಡದ ಮೇವುಚೀಲದಲ್ಲಿ ಗೋಣಿಯ ದಾರದ ಒಂದು ಗಂಟು ಸಿಕ್ಕಿಕೊಂಡಿತ್ತು, ಅಷ್ಟೇ. ಎಣ್ಣೆ ಕುಡಿಸಿ ನೀವಿದ್ದರೆ ಬದುಕುತ್ತಿತ್ತು. ರೋಗವಿಲ್ಲವೆಂದು ಎದೆ ಹಗುರಾಯಿತು. ಅದೇ ಉಸಿರಿಗೆ ಕಣ್ಣು ತುಂಬಿತು. ಸಂತೋಷವನ್ನಾಗಲಿ ದುಃಖವನ್ನಾಗಲಿ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಮರಿಯನ್ನು ಸುಣ್ಣ ಹಾಕಿ ಹೂತು, ಕೈ ತೊಳೆದು, ಗೋಣಿಗಳ ಅಂಚಿನ ದಾರಗಳನ್ನೆಲ್ಲ ಕತ್ತರಿಸುತ್ತ ಕೂತೆ.

ಒಂದು ಭಾನುವಾರ ಗಂಡ ಬಂದರು. ಬಸ್ಸಿಳಿದು ಹುಲ್ಲಿನ ನಡುವೆ ನಡೆದು ಬರುವುದನ್ನು ದೂರದಿಂದಲೇ ಕಂಡು ಬೇಲಿಗೆ ಓಡಿದೆ. ಓಡಿ ಹೋಗಿ ಹೇಳಿದ ಮೊದಲ ಮಾತು, “ಅಲ್ಲೇ ನಿಂದರ್ರಿ. ಮುಂದ ಬರಬ್ಯಾಡ್ರಿ.”

ವಠಾರದ ಅಂಗಳದ ತುಂಬ ಕೋಳಿಗಳು ಓಡಾಡುತ್ತಿದ್ದುದು ನಮ್ಮಿಬ್ಬರಿಗೂ ಗೊತ್ತಿತ್ತು. ಅವರು ನಿಂತರು. ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ ತಂದಿದ್ದರು. ಪಕ್ಕದ ಮನೆಯವರ ಹತ್ತಿರ ಕಲಿತು ತಾವೇ ಬಡಿದಿದ್ದರಂತೆ. ಬಟ್ಟೆ ಒಳಗೆ ಬರುವಂತಿರಲಿಲ್ಲ. ಸಾಬೂನಿನಿಂದ ಕೈ ತೊಳೆಯಲು ಹೇಳಿ, ತಂತಿಯ ಕೆಳಗೆ ತಟ್ಟೆ ಹಿಡಿದೆ. ಅವರು ರೊಟ್ಟಿಯನ್ನು ಒಂದೊಂದಾಗಿ ಎತ್ತಿ ಮೇಲಿನಿಂದ ತಟ್ಟೆಗೆ ಬೀಳಿಸಿದರು. ಒಂದು ಅಂಚಿಗೆ ತಾಗಿ ಮುರಿದು ನೆಲಕ್ಕೆ ಬಿತ್ತು. ಇಬ್ಬರೂ ಅದನ್ನೇ ನೋಡಿದೆವು. ಯಾರೂ ಎತ್ತಲಿಲ್ಲ.

“ಭಾಳ ಸೊರಗೀದಿ,” ಎಂದರು.

“ನಿಮ್ಮ ಕಣ್ಣಿಗೆ ಹಂಗ ಕಾಣ್ತದ.”

ಜಕ್ಕೂರು ಸುತ್ತಿನವರು ಲಸಿಕೆ ಪೂರ್ತಿ ಬಿಟ್ಟಿರುವ ಸುದ್ದಿ ಅವರೇ ಹೇಳಿದ್ದು. ಹಿರಿಯರನ್ನು ನೋಡಲು ಹೆಬ್ಬಾಳಕ್ಕೂ ಹೋಗಿದ್ದರಂತೆ. ರೋಗದ ಮರಿಗಳ ಕೋಣೆಗೆ ಆ ಹಿರಿಯರು ಬೇರೆ ಯಾರನ್ನೂ ಬಿಡದೆ, ರಜೆಯಲ್ಲಿದ್ದೂ ದಿನಾ ಬಂದು ಗುಡಿಸಿ ಹೋಗುತ್ತಿದ್ದರಂತೆ. ನಾವು ಬೇಲಿಯ ಎರಡು ಬದಿಗೆ, ಬಿಸಿಲು ಇಳಿಯುವ ತನಕ ಕೂತಿದ್ದೆವು. ಹೊರಡುವಾಗ ಅವರು, “ಮುಂದಿನ ವಾರ ಬರ್ತೀನಿ,” ಎಂದರು.

ಮುಂದಿನ ವಾರ ಅವರು ಬರಲಿಲ್ಲ. ಅವರ ಕಾರ್ಖಾನೆಯ ಗೆಳೆಯರೊಬ್ಬರು ಬಂದು ಬೇಲಿಯಾಚೆ ನಿಂತು, “ಓವರ್‌ಟೈಮ್ ಇದೆ ಕಣ್ರೀ, ಅದಕ್ಕೆ ಬರೋಕಾಗ್ಲಿಲ್ಲ. ಆರಾಮಾಗವ್ರೆ. ನೀವೇನೂ ಯೋಚ್ನೆ ಮಾಡ್ಬೇಡಿ ಅಂತ ಹೇಳಿದ್ರು,” ಎಂದರು. ಅದರ ಮುಂದಿನ ವಾರವೂ ಆ ಗೆಳೆಯರೇ ಬಂದು ಅದೇ ಮಾತು ಹೇಳಿದರು. ಅವರು ನನ್ನ ಮುಖ ನೋಡದೆ ಹುಲ್ಲು ನೋಡುತ್ತ ಮಾತಾಡಿದರು. ನನ್ನ ಮೇಲಿನ ಬೇಸರಕ್ಕೆ ಗಂಡ ಬರುತ್ತಿಲ್ಲ ಎಂದುಕೊಂಡೆ. ಅಲ್ಲೇ ನಿಂದರ್ರಿ ಎಂದ ನನ್ನ ಮಾತು ನನಗೇ ಮತ್ತೆ ಮತ್ತೆ ಕೇಳಿಸುತ್ತಿತ್ತು.

ಅಷ್ಟರಲ್ಲಿ ಹೆಬ್ಬಾಳದಿಂದ, ಒಳಗೆ ಬರಲಾಗದ ಚೀಟಿಯ ಬದಲು, ಚಾಲಕನ ಕೂಗು ಬಂತು. ಮರಿಗಳ ರಕ್ತದಲ್ಲಿ ತಾಯಿಯ ಪಾಲು ಕರಗಿತ್ತು. ದೂರು ಬಂದ ತಂಡದ್ದೇ ಲಸಿಕೆಯ ಸೀಸೆಗಳನ್ನು, ಹೊರಮೈ ಒರೆಸಿ, ಮಂಜುಗಡ್ಡೆಯ ಥರ್ಮಾಸಿನಲ್ಲಿ ಬೇಲಿಯ ಬಳಿ ಇಟ್ಟು ಹೋದರು. ಅದೇ ಹೊತ್ತಿಗೆ ಹೆಬ್ಬಾಳದಲ್ಲಿ ಹಿರಿಯರು ತಮ್ಮ ಗುಂಪಿಗೆ ಅದೇ ತಂಡದ ಲಸಿಕೆ ಹಾಕುತ್ತಿದ್ದರು. ನಾನು ಒಂದೊಂದೇ ಮರಿಯನ್ನು ಹಿಡಿದು ತಲೆ ಓರೆಮಾಡಿ ಕಣ್ಣಿಗೆ ಹನಿ ಹಾಕಿದೆ. ಹನಿ ಇಂಗುವ ತನಕ ಕೈ ಬಿಡಬಾರದು. ಮರಿ ರೆಪ್ಪೆ ಬಡಿದು, ನುಂಗಿ, ನನ್ನನ್ನು ನೋಡುತ್ತಿತ್ತು.

ಕಣಗಳಿಗೆ ಪಾಠ ಕಲಿಯಲು ಸಮಯ ಬೇಕು. ಅಷ್ಟು ದಿನ ಕಳೆದು ಎಲ್ಲ ಕೋಳಿಗಳಿಂದಲೂ ರಕ್ತ ತೆಗೆದು ಕಳಿಸಿದೆ. ಆ ಹೊತ್ತಿಗೆ ಅವು ಮರಿಗಳಾಗಿ ಉಳಿದಿರಲಿಲ್ಲ, ಎಳೆಯ ಹುಂಜಗಳಾಗಿ ಒಡಕು ದನಿಯಲ್ಲಿ ಕೂಗಲು ಕಲಿಯುತ್ತಿದ್ದವು. ನಳಿಕೆಗಳ ಮೇಲೆ ಗುರುತು ಮಾತ್ರ ಇತ್ತು. ಯಾವುದು ಯಾವ ಗುಂಪಿನದೆಂದು ಪರೀಕ್ಷೆ ಮಾಡುವವರಿಗೆ ತಿಳಿಸಿರಲಿಲ್ಲ. ಪರೀಕ್ಷೆ ಸರಳವಾದದ್ದು. ರಾಣಿಖೇತ್ ವೈರಾಣು ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಆಗ ಅವು ಪರೀಕ್ಷೆಯ ತಟ್ಟೆಯ ಗುಳಿಯ ತಳದಲ್ಲಿ ತೆಳುವಾದ ಹಾಳೆಯಂತೆ ಹರಡುತ್ತವೆ. ತಿಳಿಯಲ್ಲಿ ಪ್ರತಿಕಾಯಗಳಿದ್ದರೆ ವೈರಾಣುವಿನ ಕೈ ಕಟ್ಟಿದಂತಾಗಿ, ಕಣಗಳು ಜಾರಿ ಅಂಗಿಯ ಒಂದು ಕೆಂಪು ಗುಂಡಿಯಂತೆ ನಡುವೆ ಕೂರುತ್ತವೆ. ತಿಳಿಯನ್ನು ನೀರಾಗಿಸುತ್ತ ಹೋದಂತೆ ಗುಂಡಿ ಎಲ್ಲಿಯ ತನಕ ಉಳಿಯುತ್ತದೆಂದು ನೋಡುವುದು.

ಫಲ ಹೇಳಲು ಹಿರಿಯರೇ ಜೀಪಿನಲ್ಲಿ ಬಂದರು. ರೋಗದ ಗುಂಪನ್ನು ನೋಡಿಕೊಳ್ಳುತ್ತಿದ್ದವರು ಅವರು, ಹೀಗಾಗಿ ಬೇಲಿಗಿಂತ ಬಹಳ ದೂರದಲ್ಲೇ ಇಳಿದರು. ಅಲ್ಲಿಂದ ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು.

“ನಿನ್ ಕೋಳಿಗಳಲ್ಲಿ ಗುಂಡಿ ಕೊನೇ ಸಾಲಿನ್ ತನಕ ಇದೆ ಕಣಮ್ಮಾ! ನನ್ ಕೋಳಿಗಳಲ್ಲಿ ಮೊದಲ್ನೇ ಗುಳಿಯಿಂದ್ಲೇ ಇಲ್ಲ!”

ಇನ್ನೂ ಏನೋ ಹೇಳಿದರು, ಗಾಳಿಗೆ ಕೇಳಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡು ಜೀಪು ಹತ್ತಿದರು.

ಕೊನೆಯ ಕೆಲಸವೊಂದು ಉಳಿದಿತ್ತು. ರಕ್ತದ ಫಲವೊಂದರಿಂದ ವಿಚಾರಣೆ ಮುಗಿಯುತ್ತಿರಲಿಲ್ಲ. ಎರಡೂ ಗುಂಪಿನ ಬರ್ಸಾಗಳನ್ನು ಪಕ್ಕಪಕ್ಕದಲ್ಲಿ ತೋರಿಸಬೇಕಿತ್ತು. ಬೇಲಿ ತೆರೆಯುವ ಕಾಲ ಬಂದಿದ್ದರಿಂದ ಸಹಾಯಕರನ್ನು ಕಳಿಸುತ್ತೇವೆಂದರು. ನಾನು ಬೇಡವೆಂದೆ. ಆ ಕೋಳಿಗಳು ನನ್ನನ್ನು ಬಿಟ್ಟು ಬೇರೆ ಮನುಷ್ಯರನ್ನು ಹತ್ತಿರದಿಂದ ಕಂಡಿರಲಿಲ್ಲ. ಕಂಡರೆ ಬೆದರಿ ಗೋಡೆಗೆ ಬಡಿದುಕೊಳ್ಳುತ್ತಿದ್ದವು. ಅಂದು ಬೆಳಿಗ್ಗೆ ಮಾಮೂಲಿನಂತೆ ಕರೆದೆ. ಬಂದವು. ಒಂದೊಂದನ್ನೇ ಎತ್ತಿಕೊಂಡು, ಉಳಿದವಕ್ಕೆ ಕಾಣದ ಹಾಗೆ ಬೇವಿನ ಮರದ ಹಿಂದೆ ಒಯ್ದೆ. ಕೊನೆಗೆ ಉಳಿದ ಹುಂಜ ಖಾಲಿ ಕೊಟ್ಟಿಗೆಯಲ್ಲಿ ಅತ್ತಿತ್ತ ನಡೆದು, ನನ್ನ ಕಾಲ ಬಳಿ ಬಂದು ನಿಂತಿತು. ಅದನ್ನೂ ಎತ್ತಿಕೊಂಡೆ. ನಾನು ಅಲ್ಲಿಗೆ ಬಂದದ್ದೇ ಈ ಕೆಲಸಕ್ಕೆ.

ಬರ್ಸಾಗಳು ಎಲ್ಲದರಲ್ಲೂ ದ್ರಾಕ್ಷಿಯ ಹಾಗೆ ತುಂಬಿಕೊಂಡಿದ್ದವು.

ಆರ್.ಟಿ. ನಗರದ ಮನೆಗೆ ಹಿಂತಿರುಗಿದಾಗ ಗಂಡ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಮೈ ಅರ್ಧವಾಗಿತ್ತು. ಕಣ್ಣಿನ ಬಿಳಿಯಲ್ಲಿ ಇನ್ನೂ ಹಳದಿ ಉಳಿದಿತ್ತು. ಕಾಮಾಲೆ. ಪಕ್ಕದ ಮನೆಯವರೇ ಗಂಜಿ ಮಾಡಿ ಹಾಕಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ನೋಡಿಕೊಂಡಿದ್ದರು.

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಬಿಟ್ಟು ಬರ್ತಿದ್ದಿ. ಬಂದಿದ್ರ ಆ ಮುದುಕರ ಗತಿ ಏನ ಆಗ್ತಿತ್ತು?”

ಅವರ ಕೈ ಹಿಡಿದು ಕೂತೆ. ಎಷ್ಟೋ ವಾರಗಳ ನಂತರ ಹಿಡಿದ ಮನುಷ್ಯರ ಕೈ ಅದು. ನೀ ಬರ್ತಿದ್ದಿ ಎಂದು ಅವರು ಅಷ್ಟು ಖಚಿತವಾಗಿ ಹೇಳಿದ್ದರು. ನಿಜಕ್ಕೂ ಬರುತ್ತಿದ್ದೆನೇ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ವಿಚಾರಣೆ ಒಂದು ಬೆಳಗಿನಲ್ಲಿ ಮುಗಿಯಿತು. ಎರಡು ತಟ್ಟೆಗಳನ್ನು ಮೇಜಿನ ಮೇಲಿಟ್ಟೆವು. ಒಂದರಲ್ಲಿ ದ್ರಾಕ್ಷಿಗಳು, ಇನ್ನೊಂದರಲ್ಲಿ ಕಾಳುಗಳು. ಲಸಿಕೆ ವಿಭಾಗದ ಬೀಗ ತೆರೆಯಿತು. ಹಿರಿಯರಿಗೆ ಯಾರೂ ಕ್ಷಮೆ ಕೇಳಲಿಲ್ಲ, ಅವರೂ ಅದನ್ನು ಎದುರುನೋಡಿದಂತೆ ಕಾಣಲಿಲ್ಲ. ಒಳಗೆ ಹೋಗಿ ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡತೊಡಗಿದರು. ನನ್ನ ಕಡೆ ತಿರುಗದೆಯೇ, “ಆ ಕೋಣೇಲಿ ಒಬ್ನೇ ಇದ್ದಾಗ ಅವಕ್ಕೆ ಹೆಸರಿಟ್ಟಿದ್ದೆ ಕಣಮ್ಮ. ಇಡಬಾರದಾಗಿತ್ತು,” ಎಂದರು.

ಜಕ್ಕೂರಿನವರಿಗೆ ನಾನೇ ಹೋಗಿ ತಿಳಿಸಿದೆ. ಲಸಿಕೆಯಲ್ಲಿ ದೋಷವಿಲ್ಲ, ರೋಗ ಶೆಡ್ಡಿನ ನೆಲದಲ್ಲಿದೆ, ಹಳೆಯ ಹೊಟ್ಟನ್ನೆಲ್ಲ ಸುಟ್ಟು ಶೆಡ್ಡನ್ನು ತಿಂಗಳುಗಟ್ಟಲೆ ಖಾಲಿ ಬಿಡಬೇಕು ಎಂದೆ.

“ಹಂಗಂದ್ರೆ ತಪ್ಪು ನಂದಾ?”

“ತಪ್ಪು ಯಾರದೂ ಅಲ್ಲ.”

“ಯಾರ್ದೂ ಅಲ್ಲ ಅಂದ್ರೆ ನಾನ್ ಯಾರ್ ಮೇಲೆ ಕೋಪ ಮಾಡ್ಕೊಳ್ಲಿ, ಹೇಳಿ?” ಎಂದರು. ಆಮೇಲೆ ಅವರೇ ಎದ್ದು ಚಹಾ ತಂದುಕೊಟ್ಟರು.

ಹೇಳಿದ್ದನ್ನೆಲ್ಲ ಅವರು ಅಕ್ಷರಶಃ ಮಾಡಿದರು. ಹೊಟ್ಟು ಸುಟ್ಟರು, ನೆಲ ಕೆರೆದರು, ಸುಣ್ಣ ಬಳಿದರು, ಬಾಗಿಲಲ್ಲಿ ಕಾಲದ್ದುವ ಔಷಧಿಯ ತೊಟ್ಟಿ ಕಟ್ಟಿಸಿದರು. ಗಂಬೋರೋಗೆ ನಮ್ಮ ಕಡೆ ಲಸಿಕೆ ಸುಲಭವಾಗಿ ಸಿಗಲು ಇನ್ನೂ ವರ್ಷಗಳಿದ್ದವು, ಅಲ್ಲಿಯ ತನಕ ಶುಚಿಯೇ ಗತಿ. ಮುಂದಿನ ಮಳೆಗಾಲ ಕಳೆದ ಮೇಲೆ ಹೊಸ ಮರಿಗಳು ಬಂದವೆಂದು, ಲಸಿಕೆ ಹಾಕಿಸಿದ್ದೇನೆಂದು, ಚೆನ್ನಾಗಿ ಬೆಳೆಯುತ್ತಿವೆಯೆಂದು ಹೇಳಿಕಳಿಸಿದರು. ಆ ಸಂಜೆ ಕೆಲಸ ಮುಗಿಸಿ ಬಸ್ಸು ಹತ್ತಿ ಹೋದೆ. ದೊಡ್ಡ ಕೋಳಿಗಳ ಗದ್ದಲವಲ್ಲ, ಎಳೆಯ ಮರಿಗಳ ಚಿಲಿಪಿಲಿ ರಸ್ತೆಗೇ ಕೇಳುತ್ತಿತ್ತು. ನಾನು ಗೇಟಿನ ಚಿಲಕಕ್ಕೆ ಕೈ ಹಾಕಿದೆ.

ಅವರು ಶೆಡ್ಡಿನ ಬಾಗಿಲಿನಿಂದ ಓಡಿ ಬಂದರು. ನಗುತ್ತಲೇ ಬಂದರು, ಆದರೆ ಗೇಟನ್ನು ಆ ಕಡೆಯಿಂದ ಹಿಡಿದುಕೊಂಡರು.

“ಒಳಗ್ ಬರ್ಬೇಡಿ ಅಮ್ಮಾ. ಇವತ್ತು ಎಷ್ಟ್ ಕೋಳಿ ಕೊಯ್ದು ಬಂದಿದೀರೋ ಏನೋ.”

ಅಂದು ಬೆಳಿಗ್ಗೆ ಬಂದಿದ್ದ ಬುಟ್ಟಿಗಳು ನೆನಪಾದವು. ಚಿಲಕದಿಂದ ಕೈ ತೆಗೆದೆ.

“ಸರಿಯಾಗಿ ಮಾಡಿದ್ರಿ,” ಎಂದೆ. ಅವರು ಒಂದು ಮರಿಯನ್ನು ತಂದು ದೂರದಿಂದಲೇ ಎತ್ತಿ ತೋರಿಸಿ, ಎದೆಗವಚಿಕೊಂಡು ಒಳಗೆ ಹೋದರು. ಬಸ್ಸು ಬರುವ ತನಕ ನಾನು ಗೇಟಿನ ಹೊರಗೆ ನಿಂತು ಆ ಸದ್ದು ಕೇಳಿದೆ.